ಹೊಸ ತೋಟಾ, ಹಳೆಯ ಲೆಕ್ಕ

ಜಿಮ್ ಕಾರ್ಬೆಟ್ ಬರಹಗಳನ್ನು ಓದಿದವರಿಗೆ .275 ರಿಗ್ಬಿ ರೈಫಲ್ಲಿನ ಹೆಸರು ಹೊಸದಲ್ಲ. ಚಂಪಾವತದ ನರಭಕ್ಷಕ ಹೆಣ್ಣುಹುಲಿಯನ್ನು ಕೊಂದದ್ದಕ್ಕಾಗಿ 1907ರಲ್ಲಿ ಅವರಿಗೆ ಬಹುಮಾನವಾಗಿ ಬಂದ ಕೋವಿ ಅದು. ಕೋವಿಯೇನೋ ಲಂಡನ್ನಿನದು, ಅದರೊಳಗೆ ತುಂಬುವ ತೋಟಾ ಮಾತ್ರ ಲಂಡನ್ನಿನಲ್ಲಿ ಹುಟ್ಟಿದ್ದಲ್ಲ. ಜರ್ಮನಿಯ ಮೌಸರ್ 1892ರಲ್ಲಿ ರೂಪಿಸಿದ 7×57 ತೋಟಾಕ್ಕೆ ರಿಗ್ಬಿ ಕಂಪನಿ ಇಂಚಿನ ಲೆಕ್ಕದ ಒಂದು ಇಂಗ್ಲಿಷ್ ಹೆಸರಿಟ್ಟಿತು, ಅಷ್ಟೇ. ಬ್ರಿಟಿಷ್ ಗಿರಾಕಿಗೆ ಮಿಲಿಮೀಟರ್ ರುಚಿಸುತ್ತಿರಲಿಲ್ಲ. ಚೀಟಿ ಹೊಸದಾದಾಗ ಸರಕೂ ಹೊಸದೇ ಎಂದು ಡಬ್ಬಿ ಬಿಚ್ಚಿ ನೋಡಬೇಕಾದ ಅಗತ್ಯ ಅಂದೇ ಇತ್ತು.

ಅದೇ ಕೆಲಸವನ್ನು ಈ ಟಿಪ್ಪಣಿಯಲ್ಲಿ ಕಳೆದ ಇಪ್ಪತ್ತು ವರ್ಷಗಳ ತೋಟಾಗಳ ಮೇಲೆ ಮಾಡಿದ್ದೇನೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆ ಎಂಬುದು ಪುಸ್ತಕದಲ್ಲಿ ಉಳಿದ ಸಂಗತಿ. ಹಾಗಾಗಿ ಇಲ್ಲಿನ ಪ್ರಶ್ನೆ ಅಮೆರಿಕದ್ದು, ಸ್ವಲ್ಪ ಮಟ್ಟಿಗೆ ಸ್ಕ್ಯಾಂಡಿನೇವಿಯಾದ್ದು. ಅಲ್ಲಿ ಎರಡು ಮೂರು ವರ್ಷಕ್ಕೊಂದು ಹೊಸ ತೋಟಾ ಮಾರುಕಟ್ಟೆಗೆ ಬರುತ್ತದೆ. ಪ್ರತಿಯೊಂದರ ಜೊತೆಗೂ ಹೆಚ್ಚು ವೇಗ, ಹೆಚ್ಚು ದೂರ, ಹೆಚ್ಚು ನಿಖರತೆ ಎಂಬ ಮಾತು ಬರುತ್ತದೆ. ಆ ಮಾತಿನಲ್ಲಿ ಕಾಳೆಷ್ಟು, ಜೊಳ್ಳೆಷ್ಟು? ನಾನು ಬೇಟೆಗಾರನಲ್ಲ. ತಯಾರಕರೇ ಪ್ರಕಟಿಸಿದ ವೇಗ, ಒತ್ತಡ, ಅಳತೆಗಳ ಪಟ್ಟಿಗಳನ್ನು ಎದುರಿಗಿಟ್ಟುಕೊಂಡು ಲೆಕ್ಕ ಮಾಡಿದವನು.

ಮೊದಲು ಒಂದು ಅಳತೆಗೋಲು ಬೇಕು. ನಿಜವಾದ ಜಿಗಿತ ಎಂದರೆ ಎಷ್ಟು? ಕರಿಮದ್ದಿನ ಕಾಲದ ಅಮೆರಿಕದ .45-70 ತೋಟಾ 26 ಗ್ರಾಂ ಗುಂಡನ್ನು ಸೆಕೆಂಡಿಗೆ ಸುಮಾರು 400 ಮೀಟರ್ ವೇಗದಲ್ಲಿ ಕಳಿಸುತ್ತಿತ್ತು. ಪಾಲ್ ವಿಯೆಯ್ 1884ರಲ್ಲಿ ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದ. ಫ್ರಾನ್ಸ್ 1886ರಲ್ಲಿ ಅದನ್ನು ಲೆಬೆಲ್ ರೈಫಲ್ಲಿಗೆ ತುಂಬಿತು. ಹತ್ತು ವರ್ಷ ಕಳೆಯುವುದರೊಳಗೆ ಯೂರೋಪಿನ ಸೈನ್ಯಗಳ ಗುಂಡುಗಳು 600-700 ಮೀಟರ್ ವೇಗ ಮುಟ್ಟಿದ್ದವು. ಮುಂದೆ 1905ರಲ್ಲಿ ಜರ್ಮನರು ಮೊಂಡು ಮೂಗಿನ 14.7 ಗ್ರಾಂ ಗುಂಡನ್ನು ಬಿಟ್ಟು, ಚೂಪು ಮೂಗಿನ ಹತ್ತು ಗ್ರಾಂ ಗುಂಡಿಗೆ ಬಂದಾಗ ವೇಗ 630ರ ಆಸುಪಾಸಿನಿಂದ 880ರ ಆಸುಪಾಸಿಗೆ ಏರಿತು. ಇವು ಜಿಗಿತಗಳು. ಇಪ್ಪತ್ತು ವರ್ಷದಲ್ಲಿ ವೇಗ ಇಮ್ಮಡಿಗೂ ಮಿಕ್ಕಿತು. ಈಗಿನ ಜಾಹೀರಾತುಗಳನ್ನು ಓದುವಾಗ ಈ ಕೋಲು ಕೈಯಲ್ಲಿರಲಿ.

7 ಮಿಲಿಮೀಟರ್ ನಳಿಗೆಯ ವಂಶವೊಂದನ್ನೇ ಹಿಡಿದು ನೋಡುವುದು ಅನುಕೂಲ. ಗುಂಡಿನ ಅಡ್ಡಳತೆ ಅದೇ, ತೂಕವೂ ಹೆಚ್ಚು ಕಡಿಮೆ ಅದೇ. ಬದಲಾದದ್ದು ತೋಟಾ ಮಾತ್ರ. ಮೂಲ 7×57 ಮೌಸರ್ 11.2 ಗ್ರಾಂ ಗುಂಡನ್ನು ಉದ್ದ ನಳಿಗೆಯ ಸೈನಿಕ ರೈಫಲ್ಲಿನಿಂದ ಸೆಕೆಂಡಿಗೆ ಸುಮಾರು 700 ಮೀಟರ್ ವೇಗದಲ್ಲಿ ಹಾರಿಸುತ್ತಿತ್ತು. 1962ರಲ್ಲಿ ಬಂದ 7 ಎಂಎಂ ರೆಮಿಂಗ್ಟನ್ ಮ್ಯಾಗ್ನಮ್, 11.3 ಗ್ರಾಂ ಗುಂಡಿಗೆ ಕೊಡುವ ವೇಗ ಇತ್ತೀಚಿನ ಪಟ್ಟಿಗಳ ಪ್ರಕಾರ 872 ಮೀಟರ್. ಹಾರ್ನಡಿ ಕಂಪನಿ 2022ರಲ್ಲಿ ತಂದ 7 ಎಂಎಂ ಪಿಆರ್‌ಸಿ ಅದೇ ತೂಕದ ಗುಂಡಿಗೆ 914 ಮೀಟರ್ ಕೊಡುತ್ತದೆ. ಮೊದಲ ಎಪ್ಪತ್ತು ವರ್ಷದ ಗಳಿಕೆ 172 ಮೀಟರ್; ಆಮೇಲಿನ ಅರವತ್ತು ವರ್ಷದ ಗಳಿಕೆ 42. ಅದೂ ಪುಕ್ಕಟೆ ಬಂದದ್ದಲ್ಲ. ತೋಟಾ ತಯಾರಕರ ಅಮೆರಿಕನ್ ಮಾನಕ ಸಂಸ್ಥೆ ಸಾಮಿ, ರೆಮಿಂಗ್ಟನ್ ಮ್ಯಾಗ್ನಮ್ಮಿಗೆ ನಿಗದಿ ಮಾಡಿದ ಗರಿಷ್ಠ ಒತ್ತಡ ಚದರ ಇಂಚಿಗೆ 61,000 ಪೌಂಡ್, ಪಿಆರ್‌ಸಿಗೆ 65,000.

ಇನ್ನೊಂದು ಮಾತನ್ನೂ ಸೇರಿಸಬೇಕು. ಪಟ್ಟಿಯ ವೇಗಗಳನ್ನು ಸಾಮಾನ್ಯವಾಗಿ 24 ಇಂಚಿನ ಪರೀಕ್ಷಾ ನಳಿಗೆಯಿಂದ ಅಳೆಯುತ್ತಾರೆ. ಗುಡ್ಡ ಹತ್ತುವ ಬೇಟೆಗಾರನ ಹೆಗಲ ಮೇಲಿರುವುದು 22 ಇಂಚಿನದು, ಈಗೀಗ 20ರದ್ದು ಕೂಡ. ನಳಿಗೆ ಒಂದು ಇಂಚು ಮೊಟಕಾದರೆ ಸೆಕೆಂಡಿಗೆ ಆರರಿಂದ ಒಂಬತ್ತು ಮೀಟರ್ ವೇಗ ಹೋಗುತ್ತದೆ. ನಳಿಗೆ ಐದಾರು ಇಂಚು ಮೊಟಕಾದರೆ ಅರವತ್ತು ವರ್ಷದ ಪ್ರಗತಿ ಕರಗಿಹೋಯಿತು ಎಂದಾಯಿತು.

ಇದಕ್ಕೆ ಕಾರಣ ತಯಾರಕರ ಸೋಮಾರಿತನವಲ್ಲ, ಭೌತಶಾಸ್ತ್ರದ ಜಿಪುಣತನ. ನಳಿಗೆ, ಗುಂಡು, ಒತ್ತಡ ಮೂರೂ ಅಷ್ಟೇ ಇದ್ದು ತೋಟಾದ ಹೊಟ್ಟೆಯನ್ನು ಮಾತ್ರ ಹಿಗ್ಗಿಸಿದರೆ, ವೇಗ ಹೆಚ್ಚುವುದು ಹೊಟ್ಟೆ ಹಿಗ್ಗಿದ ಪ್ರಮಾಣದ ಕಾಲು ಭಾಗ ಮಾತ್ರ ಎಂಬುದು ತೋಟಾ ತುಂಬುವವರೆಲ್ಲ ಬಲ್ಲ ಸೂತ್ರ. ಮದ್ದು ಶೇ. 20 ಹೆಚ್ಚಾದರೆ ವೇಗ ಶೇ. 5 ಹೆಚ್ಚು. ಉಳಿದದ್ದು ಬೆಂಕಿಯಾಗಿ, ಸದ್ದಾಗಿ, ಹೆಗಲಿಗೆ ಒದೆತವಾಗಿ, ನಳಿಗೆಯ ಸವೆತವಾಗಿ ಹೋಗುತ್ತದೆ. ಉಳಿದ ದಾರಿ ಒತ್ತಡ ಏರಿಸುವುದು. ಆದರೆ ಅಲ್ಲಿ ಹಿತ್ತಾಳೆ ಅಡ್ಡ ಬರುತ್ತದೆ. ಒತ್ತಡ 65,000 ದಾಟಿ ಮೇಲೇರಿದಂತೆ ಹಿತ್ತಾಳೆಯ ಬುಡ ಹಿಗ್ಗತೊಡಗುತ್ತದೆ, ಕೇಪು ಕೂರುವ ಗುಳಿ ಸಡಿಲವಾಗುತ್ತದೆ, ಖಾಲಿ ತೋಟಾ ಕೋವಿಯೊಳಗೆ ಕಚ್ಚಿಕೊಳ್ಳುತ್ತದೆ. .270 ವಿಂಚೆಸ್ಟರ್ 1925ರಲ್ಲಿ ಬಂದ ತೋಟಾ. ಸಾಮಿ ಅದಕ್ಕೆ ಕೊಟ್ಟಿರುವ ಮಿತಿಯೂ 65,000ವೇ. ಒತ್ತಡದ ಮಾತಿನಲ್ಲಿ ಪಿಆರ್‌ಸಿ ತನ್ನ ಮುತ್ತಜ್ಜನ ಸಮಕ್ಕೆ ಬಂದು ನಿಂತಿದೆ.

ಹಾಗಿದ್ದರೆ ಎಲ್ಲವೂ ಬರೀ ಮಾತು ಎಂದು ಕೈ ತೊಳೆದುಕೊಳ್ಳಬಹುದಲ್ಲ? ನಾನೂ ಆರಂಭದಲ್ಲಿ ಹಾಗೇ ಅಂದುಕೊಂಡಿದ್ದೆ. ಅಭಿಪ್ರಾಯ ಬದಲಿಸಿಕೊಳ್ಳುವಂತೆ ಮಾಡಿದ್ದು 6.5 ಕ್ರೀಡ್‌ಮೋರ್.

ಈ ಶತಮಾನದ ಅತ್ಯಂತ ಜನಪ್ರಿಯ ಹೊಸ ತೋಟಾಗಳಲ್ಲಿ ಒಂದು ಇದು. ಹಾರ್ನಡಿಯ ಡೇವ್ ಎಮರಿ ಮತ್ತು ಗುರಿಕಾರ ಡೆನಿಸ್ ಡಿಮಿಲ್ ಸೇರಿ ರೂಪಿಸಿದರು, 2007ರಲ್ಲಿ ಬಿಡುಗಡೆಯಾಯಿತು. ಹೆಸರು ನ್ಯೂಯಾರ್ಕಿನ ಲಾಂಗ್ ಐಲೆಂಡಿನ ಹಳೆಯ ಗುರಿ ಮೈದಾನದ್ದು. 1874ರಲ್ಲಿ ಅಮೆರಿಕ ಮತ್ತು ಐರ್ಲೆಂಡ್ ತಂಡಗಳ ಪ್ರಸಿದ್ಧ ಪಂದ್ಯ ನಡೆದದ್ದು ಅಲ್ಲಿ. ಹುಟ್ಟಿದ್ದೇನೋ ಗುರಿ ಸ್ಪರ್ಧೆಗೆಂದು. ಬೇಟೆಗಾರರು ಎತ್ತಿಕೊಂಡು ಹೋದರು. ಇದರ ಅಂಕಿಗಳನ್ನು ಹಿಂದಿನ ಎರಡು 6.5ಗಳ ಪಕ್ಕ ಇಟ್ಟರೆ ಮೊದಲ ನೋಟಕ್ಕೆ ನಗು ಬರುತ್ತದೆ. 1997ರ .260 ರೆಮಿಂಗ್ಟನ್ ಒಂಬತ್ತು ಗ್ರಾಂ ಗುಂಡನ್ನು 838 ಮೀಟರ್ ವೇಗದಲ್ಲಿ ಕಳಿಸುತ್ತದೆ. ಕ್ರೀಡ್‌ಮೋರ್ ಅದೇ ಗುಂಡನ್ನು 826ರಲ್ಲಿ. ಹೊಸದು ನಿಧಾನ! ಇನ್ನು ಸ್ವೀಡನ್-ನಾರ್ವೆಗಳು 1890ರ ದಶಕದಲ್ಲಿ ಒಟ್ಟಾಗಿ ರೂಪಿಸಿದ 6.5×55 ಅದೇ ತೂಕದ ಗುಂಡನ್ನು 1941ರ ಸೈನಿಕ ತೋಟಾದಲ್ಲೇ 800ರ ಆಸುಪಾಸು ಹಾರಿಸುತ್ತಿತ್ತು. ಹಳೆಯ ಮೌಸರ್ ಕೋವಿಗಳು ಇನ್ನೂ ಬಳಕೆಯಲ್ಲಿವೆ ಎಂಬ ಎಚ್ಚರದಿಂದ ಅಮೆರಿಕದವರು ಅದರ ಒತ್ತಡವನ್ನು 51,000ಕ್ಕೆ ಕಟ್ಟಿಹಾಕಿದ್ದಾರೆ. ಕ್ರೀಡ್‌ಮೋರಿನದು 62,000. ಅಷ್ಟು ಒತ್ತಡ ಬಿಟ್ಟುಕೊಟ್ಟೂ ಅಜ್ಜ ಬಹಳ ಹಿಂದೆ ಬಿದ್ದಿಲ್ಲ.

ಮತ್ತೆ .260 ಏಕೆ ಸೊರಗಿತು, ಕ್ರೀಡ್‌ಮೋರ್ ಏಕೆ ಗೆದ್ದಿತು? ಉತ್ತರ ಮೂರು ಮಿಲಿಮೀಟರಿನಲ್ಲಿದೆ. .260ರ ಹಿತ್ತಾಳೆ ಕೊಳವೆಯ ಉದ್ದ 51.7 ಮಿ.ಮೀ.; ಕ್ರೀಡ್‌ಮೋರಿನದು 48.8. ಗಿಡ್ಡ ಬೋಲ್ಟಿನ ರೈಫಲ್ಲಿನ ತೋಟಾ ಪೆಟ್ಟಿಗೆಯಲ್ಲಿ ಇಡೀ ತೋಟಾ ಸುಮಾರು 71-72 ಮಿ.ಮೀ.ಯೊಳಗೆ ಕೂರಬೇಕು. ಉದ್ದ ಮೂಗಿನ, ಗಾಳಿಯನ್ನು ಸೀಳಿಕೊಂಡು ಹೋಗುವ ಹೊಸ ಬಗೆಯ ಗುಂಡನ್ನು .260ರಲ್ಲಿ ಕೂರಿಸಿದರೆ ಅದರ ಬುಡ ಮದ್ದಿನ ಜಾಗವನ್ನು ತಿನ್ನುತ್ತದೆ, ಇಲ್ಲವೇ ಮೂಗು ಪೆಟ್ಟಿಗೆಯ ಗೋಡೆಗೆ ತಾಗುತ್ತದೆ. ಕ್ರೀಡ್‌ಮೋರ್ ಕೊಳವೆಯನ್ನು ಮೊಟಕು ಮಾಡಿ, ಮೂಗಿಗೆ ಜಾಗ ಬಿಟ್ಟಿತು. ಎರಡನೆಯದು ನಳಿಗೆಯೊಳಗಿನ ಸುರುಳಿ. ರೆಮಿಂಗ್ಟನ್ ತನ್ನ .260 ರೈಫಲ್ಲುಗಳಿಗೆ ಒಂಬತ್ತು ಇಂಚಿಗೆ ಒಂದು ಸುತ್ತು ಕೊಟ್ಟಿತ್ತು. ಕ್ರೀಡ್‌ಮೋರಿನ ಮಾನಕ ಎಂಟು ಇಂಚಿಗೆ ಒಂದು. ಮೂರನೆಯದು, ನಳಿಗೆಯ ಬುಡದಲ್ಲಿ ಗುಂಡು ಸುರುಳಿಗೆ ಸೇರುವ ಮೊದಲು ಹಾದುಹೋಗುವ ಗಂಟಲು. ಕ್ರೀಡ್‌ಮೋರಿನ ನಕ್ಷೆಯಲ್ಲಿ ಅದು ಗುಂಡಿಗಿಂತ ಕೂದಲೆಳೆಯಷ್ಟೇ ಅಗಲ. ಗುಂಡು ಅಲ್ಲಿ ವಾಲುವುದಕ್ಕೆ ಎಡೆಯಿಲ್ಲ.

ಈ ಮೂರರಲ್ಲಿ ಯಾವುದೂ ಮದ್ದಿನ ಶಕ್ತಿಗೆ ಸಂಬಂಧಿಸಿದ್ದಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಸ್ವೀಡಿಷರ 6.5×55ಗೂ ಎಂಟು ಇಂಚಿನ ಆಸುಪಾಸಿನ ಬಿಗಿ ಸುರುಳಿಯೇ ಇತ್ತು. ಅಂದಿನ ಉದ್ದನೆಯ ಮೊಂಡು ಗುಂಡಿಗೆ ಅದು ಬೇಕಿತ್ತು. ಗುಂಡು ನೆಟ್ಟಗೆ ಹಾರಬೇಕಾದರೆ ಎಷ್ಟು ವೇಗವಾಗಿ ಗಿರಗಿರ ತಿರುಗಬೇಕು ಎಂಬುದನ್ನು ಮುಖ್ಯವಾಗಿ ತೀರ್ಮಾನಿಸುವುದು ಅದರ ಉದ್ದ, ತೂಕವಲ್ಲ. ಬ್ರಿಟಿಷ್ ಗಣಿತಜ್ಞ ಗ್ರೀನ್‌ಹಿಲ್ ಇದಕ್ಕೆ ಸೂತ್ರ ಕೊಟ್ಟದ್ದು 1879ರಲ್ಲಿ. ಬೇಟೆ ತೋಟಾಗಳ ಮಾರುಕಟ್ಟೆ ಆ ಸೂತ್ರವನ್ನು ಮತ್ತೆ ಮತ್ತೆ ಮರೆತು, ಮತ್ತೆ ಮತ್ತೆ ಪೆಟ್ಟು ತಿಂದು ಕಲಿತಿದೆ.

ಸುರುಳಿಯೊಂದೇ ತೋಟಾದ ಹಣೆಬರಹ ಬರೆಯಬಲ್ಲದು ಎಂಬುದಕ್ಕೆ 1955ರ ಪ್ರಕರಣಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ. ಆ ವರ್ಷ ಎರಡು ಕಂಪನಿಗಳು 6 ಮಿ.ಮೀ. ನಳಿಗೆಯ ಎರಡು ತೋಟಾಗಳನ್ನು ತಂದವು: .243 ವಿಂಚೆಸ್ಟರ್ ಮತ್ತು .244 ರೆಮಿಂಗ್ಟನ್. ಮದ್ದು ಹಿಡಿಸುವ ಜಾಗ ಒಂದಿಷ್ಟು ಹೆಚ್ಚಿದ್ದದ್ದು ರೆಮಿಂಗ್ಟನ್ನಿನದರಲ್ಲಿ. ಅಂದಹಾಗೆ ಅದರ ಕೊಳವೆ ಬೇರೆ ಯಾವುದೂ ಅಲ್ಲ, ಕುತ್ತಿಗೆ ಕಿರಿದಾದ 7×57 ಮೌಸರ್. ಕಾರ್ಬೆಟ್ಟರ ತೋಟಾದ ಮೊಮ್ಮಗ. ಆದರೆ ರೆಮಿಂಗ್ಟನ್ ಇದನ್ನು ಸಣ್ಣ ಪ್ರಾಣಿಗಳ ಕೋವಿ ಎಂದೆಣಿಸಿ ಹನ್ನೆರಡು ಇಂಚಿಗೆ ಒಂದು ಸುತ್ತು ಕೊಟ್ಟಿತು. ವಿಂಚೆಸ್ಟರ್ ಹತ್ತು ಇಂಚು ಕೊಟ್ಟು, ಜಿಂಕೆಗೂ ಆಗುವ 100 ಗ್ರೇನ್ ತೂಕದ ಗುಂಡನ್ನೂ ಮಾರಿತು. ಒಂದೇ ಕೋವಿಯಲ್ಲಿ ಎರಡೂ ಕೆಲಸ ಆಗಬೇಕೆಂದು ಬಯಸಿದ ಗಿರಾಕಿ .243ರ ಕಡೆ ಹೋದ. ರೆಮಿಂಗ್ಟನ್ 1963ರಲ್ಲಿ ಒಂಬತ್ತು ಇಂಚಿನ ಸುರುಳಿ ಕೊಟ್ಟು, 6 ಎಂಎಂ ರೆಮಿಂಗ್ಟನ್ ಎಂದು ಹೆಸರನ್ನೂ ಬದಲಿಸಿತು. ಕೊಳವೆ ಅದೇ. ಹೊತ್ತು ಮೀರಿತ್ತು. ಇಂದಿಗೂ .243 ಅಂಗಡಿ ಅಂಗಡಿಯಲ್ಲಿ ಸಿಗುತ್ತದೆ, ಇನ್ನೊಂದನ್ನು ಹುಡುಕಬೇಕು.

ನನ್ನ ವಾದ ನಿಂತಿರುವುದು ಈ ಹೆಸರು ಬದಲಾವಣೆಯ ಮೇಲೆ. ಸುರುಳಿ ಬದಲಿಸಲು ಹೆಸರೇಕೆ ಬದಲಿಸಬೇಕು? .270 ವಿಂಚೆಸ್ಟರ್ ಉದಾಹರಣೆ ತೆಗೆದುಕೊಳ್ಳಿ. ಅದರ ಮಾನಕ ಸುರುಳಿ ಹತ್ತು ಇಂಚು. ನೂರು ವರ್ಷದಲ್ಲಿ ಆ ಅಳತೆಯ ಲೆಕ್ಕವಿಲ್ಲದಷ್ಟು ಕೋವಿಗಳು ಮನೆಮನೆ ಸೇರಿವೆ. ಇವತ್ತು ಯಾವುದಾದರೂ ಕಂಪನಿ ಉದ್ದನೆಯ ಹೊಸ ಗುಂಡು ಹಾಕಿ .270 ಎಂದು ಮಾರಿದರೆ, ಯಾರೋ ತನ್ನ ತಾತನ ಕೋವಿಯಲ್ಲಿ ಅದನ್ನು ಹಾರಿಸುತ್ತಾನೆ, ಗುಂಡು ಸಾಕಷ್ಟು ತಿರುಗದೆ ಅಡ್ಡಡ್ಡ ಹೋಗಿ ಬೀಳುತ್ತದೆ, ಬೈಗುಳ ಕಂಪನಿಗೆ. ಆದ್ದರಿಂದ ಹೊಸ ಹೆಸರು ಬೇಕಾಗುತ್ತದೆ. 2021ರಲ್ಲಿ ವಿಂಚೆಸ್ಟರ್ ಮತ್ತು ಬ್ರೌನಿಂಗ್ ತಂದ 6.8 ವೆಸ್ಟರ್ನ್ .270ರದ್ದೇ ಅಡ್ಡಳತೆಯ ಗುಂಡನ್ನು ಹಾರಿಸುತ್ತದೆ. ಆದರೆ ಬಿಗಿ ಸುರುಳಿಯಿಂದ, 175 ಗ್ರೇನ್‌ವರೆಗಿನ ಉದ್ದ ಗುಂಡುಗಳನ್ನು. ಹೊಸ ತೋಟಾ ಎಂದರೆ ಗುಂಡು ಮಾಡುವವ, ಕೋವಿ ಮಾಡುವವ, ಮದ್ದು ತುಂಬುವವ ಮೂವರೂ ರುಜು ಹಾಕಿದ ಹೊಸ ಕರಾರುಪತ್ರ. ಇಂತಿಷ್ಟು ಉದ್ದದ ಗುಂಡು, ಇಂತಿಷ್ಟು ಸುರುಳಿ, ಇಂತಿಷ್ಟು ಗಂಟಲು ಎಂಬುದು ಅದರ ಒಕ್ಕಣೆ. ಗಳಿಕೆ ಇರುವುದು ಆ ಒಕ್ಕಣೆಯಲ್ಲಿ. ಜಾಹೀರಾತು ಮಾತ್ರ ಅದನ್ನು ಶಕ್ತಿಯ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ.

ಈ ಕರಾರಿನಿಂದ ಬೇಟೆಯ ಮೈದಾನದಲ್ಲಿ ಸಿಗುವುದೆಷ್ಟು? .270ರ ಸಾಮಾನ್ಯ 130 ಗ್ರೇನ್ (8.4 ಗ್ರಾಂ) ಚೂಪು ಗುಂಡನ್ನೂ ಕ್ರೀಡ್‌ಮೋರಿನ 143 ಗ್ರೇನ್ (9.3 ಗ್ರಾಂ) ಉದ್ದ ಗುಂಡನ್ನೂ ಎದುರುಬದುರು ಇಟ್ಟು ಲೆಕ್ಕ ಮಾಡಿದೆ. ಹೊರಡುವಾಗಿನ ವೇಗ ಕ್ರಮವಾಗಿ 933 ಮತ್ತು 823 ಮೀಟರ್. ಪ್ರತಿ ನೂರು ಗಜಕ್ಕೆ ಉಳಿಯುವ ವೇಗವನ್ನು ಹಿಡಿದು ಹಾರಾಟದ ಸಮಯ ಕೂಡಿಸಿದೆ. ಗುಂಡು ಗಾಳಿಯೇ ಇಲ್ಲದ ಶೂನ್ಯದಲ್ಲಿ ಹಾರಿದ್ದರೆ ಹಿಡಿಯುತ್ತಿದ್ದ ಸಮಯವನ್ನು ಅದರಿಂದ ಕಳೆದು, ಉಳಿದದ್ದನ್ನು ಅಡ್ಡಗಾಳಿಯ ವೇಗದಿಂದ ಗುಣಿಸಿದರೆ ಗುಂಡು ಪಕ್ಕಕ್ಕೆ ಎಷ್ಟು ಸರಿಯಿತೆಂದು ತಿಳಿಯುತ್ತದೆ. ಇದು ಹಳೆಯ, ನಂಬಲರ್ಹ ವಿಧಾನ. ಗಾಳಿ ಗಂಟೆಗೆ 16 ಕಿ.ಮೀ. ಎಂದಿಟ್ಟುಕೊಂಡೆ.

300 ಗಜದಲ್ಲಿ, ಎಂದರೆ 274 ಮೀಟರಿನಲ್ಲಿ, .270ರ ಗುಂಡು ಸುಮಾರು 16 ಸೆಂ.ಮೀ. ಪಕ್ಕಕ್ಕೆ ಸರಿಯುತ್ತದೆ, ಕ್ರೀಡ್‌ಮೋರಿನದು 13. ವ್ಯತ್ಯಾಸ ಮೂರು ಬೆರಳಿನ ಅಗಲವೂ ಇಲ್ಲ. 200 ಗಜಕ್ಕೆ ಗುರಿ ಕೂಡಿಸಿದ್ದರೆ 300ರಲ್ಲಿ .270 ಸುಮಾರು 16 ಸೆಂ.ಮೀ. ಕೆಳಗಿಳಿಯುತ್ತದೆ, ಕ್ರೀಡ್‌ಮೋರ್ 20. ಇಲ್ಲಿ ಹಳೆಯದೇ ಮೇಲು. ಮುಟ್ಟುವಾಗಿನ ಶಕ್ತಿ .270ಗೆ ಸುಮಾರು 2,330 ಜೂಲ್, ಕ್ರೀಡ್‌ಮೋರಿಗೆ 2,250. ಇಲ್ಲೂ ಹಳೆಯದು ಒಂದು ಗುಲಗಂಜಿ ಮುಂದೆ. 400 ಗಜದಲ್ಲಿ ಎರಡರ ಶಕ್ತಿಯೂ 1,990ರ ಆಸುಪಾಸು, ಸರಿಸಮ. 500 ಗಜ ಮುಟ್ಟಿದಾಗ ತಕ್ಕಡಿ ವಾಲುತ್ತದೆ: ಶಕ್ತಿ 1,680ಕ್ಕೆ ಎದುರಾಗಿ 1,770, ಗಾಳಿಯ ಸರಿತ 47 ಸೆಂ.ಮೀ.ಗೆ ಎದುರಾಗಿ 38. ಸುಮಾರು 365 ಮೀಟರ್ ದಾಟುವವರೆಗೆ 1925ರ ತೋಟಾ ಯಾವ ನಾಚಿಕೆಯೂ ಇಲ್ಲದೆ ಹೊಸದರ ಪಕ್ಕ ನಿಲ್ಲುತ್ತದೆ. ಅದರಾಚೆ ಹೊಸದರ ಗಳಿಕೆ ನಿಜ. ಅಷ್ಟು ದೂರದಿಂದ ಜೀವಂತ ಪ್ರಾಣಿಗೆ ಗುಂಡು ಹೊಡೆಯುವುದು ಸರಿಯೇ ಎಂಬ ಪ್ರಶ್ನೆ ಬೇರೆ. ಗುಂಡು ಅಲ್ಲಿಗೆ ಹೋಗಿ ಮುಟ್ಟಲು ಅರ್ಧ ಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತದೆ. ಮೇಯುತ್ತಿರುವ ಜಿಂಕೆ ಒಂದು ಹೆಜ್ಜೆ ಇಡಲು ಅಷ್ಟು ಸಾಕು.

ಒಂದು ಗಳಿಕೆ ಮಾತ್ರ ದೂರ ಹತ್ತಿರ ಎನ್ನದೆ ಎಲ್ಲೆಡೆ ಸಿಗುತ್ತದೆ: ಒದೆತ. ಎಂಟು ಪೌಂಡಿನ ಕೋವಿಯಲ್ಲಿ ಕ್ರೀಡ್‌ಮೋರಿನ ಒದೆತ .270ಕ್ಕಿಂತ ಸುಮಾರು ಐದನೇ ಒಂದು ಪಾಲು ಕಡಿಮೆ ಎಂದು ನನ್ನ ಲೆಕ್ಕ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನೋಡಿದವರಿಗೆ ಇದರ ಬೆಲೆ ವಿವರಿಸಬೇಕಿಲ್ಲ. ಒದೆತಕ್ಕೆ ಹೆದರಿದವನು ಕುದುರೆ ಎಳೆಯುವ ಮೊದಲೇ ಕಣ್ಣು ಮುಚ್ಚಿರುತ್ತಾನೆ, ಕಾಯಿ ಇದ್ದಲ್ಲೇ ಇರುತ್ತದೆ. ಹೆಚ್ಚು ಮದ್ದಿನ ಮ್ಯಾಗ್ನಮ್ ಕೊಂಡು ಬೆದರಿದವನ ಕೈಗೆ ಕ್ರೀಡ್‌ಮೋರ್ ಬಂದರೆ ಅವನ ಗುರಿ ಸುಧಾರಿಸುವುದು ಖಂಡಿತ. ಆದರೆ ಹಳೆಯ 7×57 ಕೊಟ್ಟಿದ್ದರೂ ಸುಧಾರಿಸುತ್ತಿತ್ತು.

ಹೊಸ ತೋಟಾದ ಗುಣಗಾನದಲ್ಲಿ ಬೇರೆಯವರ ದುಡಿಮೆ ಎಷ್ಟು ಸೇರಿಕೊಂಡಿದೆ ಎಂಬುದನ್ನೂ ಬಿಡಿಸಬೇಕು. ಒಬ್ಬ ಬೇಟೆಗಾರ ತನ್ನ ತಂದೆಯ ಕಾಲದ .270 ಮಾರಿ ಹೊಸ ಕ್ರೀಡ್‌ಮೋರ್ ಕೊಳ್ಳುತ್ತಾನೆ. ಜೊತೆಗೆ ಹೊಸ ನಳಿಗೆ ಬರುತ್ತದೆ, ಹೊಸ ದುರ್ಬೀನು ಬರುತ್ತದೆ, ಲೇಸರಿನಿಂದ ದೂರ ಅಳೆಯುವ ಯಂತ್ರ ಬರುತ್ತದೆ. ತೋಟಾದ ಗುಂಡೂ ಹೊಸ ಬಗೆಯದು. ಮೊದಲ ಗುರಿ ಬಿದ್ದ ಕೂಡಲೇ ಅವನು ಹೊಗಳುವುದು ಮಾತ್ರ ತೋಟಾದ ಹೆಸರನ್ನು. ಐದು ಅಂಶ ಒಟ್ಟಿಗೆ ಬದಲಿಸಿ ಫಲವನ್ನು ಒಂದಕ್ಕೆ ಕಟ್ಟುವುದು ಯಾವ ಪ್ರಯೋಗದಲ್ಲೂ ಒಪ್ಪಿತವಲ್ಲ.

ಗುಂಡಿನ ವಿಷಯದಲ್ಲಂತೂ ಇದು ದೊಡ್ಡ ಅನ್ಯಾಯ. 1940ರ ದಶಕದಲ್ಲಿ ಬೇಟೆಗಾರ ಜಾನ್ ನಾಸ್ಲರ್ ಕೆನಡಾದಲ್ಲಿ ಕೆಸರು ಮೆತ್ತಿಕೊಂಡ ಮೂಸ್ ಎಂಬ ಭಾರಿ ಜಿಂಕೆಯೊಂದಕ್ಕೆ ವೇಗದ ಮ್ಯಾಗ್ನಮ್ ಹೊಡೆದಾಗ, ಗುಂಡು ಒಳಹೋಗದೆ ಮೇಲೆಯೇ ಸಿಡಿದುಹೋಯಿತು. ವೇಗ ಸಾಲದೆ ಅಲ್ಲ, ಹೆಚ್ಚಾಗಿ. ಅವನು ತೋಟಾವನ್ನು ಬದಲಿಸಲಿಲ್ಲ. ನಡುವೆ ತಾಮ್ರದ ಅಡ್ಡಗೋಡೆಯಿರುವ ಗುಂಡು ಮಾಡಿದ. 1948ರಿಂದ ಮಾರಾಟವಾದ ಪಾರ್ಟಿಷನ್ ಗುಂಡು ಅದು. ಎಲ್ಲ ಹಳೆಯ ತೋಟಾಗಳೂ ಒಂದೇ ಏಟಿಗೆ ಮೇಲಕ್ಕೇರಿದವು. 1989ರಲ್ಲಿ ಬಾರ್ನ್ಸ್ ಕಂಪನಿಯ ಪೂರ್ತಿ ತಾಮ್ರದ ಗುಂಡು ಬಂತು. ಹತ್ತು ವರ್ಷದ ಹಿಂದೆ ಹಾರ್ನಡಿ, ಡಾಪ್ಲರ್ ರೇಡಾರಿನಿಂದ ಹಾರಾಟವನ್ನು ಅಳೆಯುವಾಗ ಗುಂಡಿನ ಪ್ಲಾಸ್ಟಿಕ್ ಮೂಗು ಗಾಳಿಯ ಶಾಖಕ್ಕೆ ಕರಗುತ್ತಿದೆ ಎಂದು ಕಂಡು, ಬೇರೆ ವಸ್ತುವಿನ ಮೂಗು ಹಾಕಿತು. ಇವೆಲ್ಲ ನಿಜವಾದ ಪ್ರಗತಿ. ಇವುಗಳಲ್ಲಿ ಬಹುಪಾಲು ಹಳೆಯ .30-06ಗೂ ಸಿಗುತ್ತವೆ, 7×57ಗೂ ಸಿಗುತ್ತವೆ.

ತಾಮ್ರದ ಮಾತು ಬಂದಾಗ ಹೊಸ ತೋಟಾಗಳ ಪರವಾಗಿ ಒಂದು ಬಲವಾದ ಕಾರಣವನ್ನು ಒಪ್ಪಿಕೊಳ್ಳಲೇಬೇಕು. ಸೀಸದ ಗುಂಡನ್ನು ಬೇಟೆಯಲ್ಲಿ ಕ್ಯಾಲಿಫೋರ್ನಿಯಾ 2019ರ ಜುಲೈಯಿಂದ ಪೂರ್ತಿ ನಿಷೇಧಿಸಿತು. ಡೆನ್ಮಾರ್ಕ್ 2024ರ ಏಪ್ರಿಲಿನಿಂದ ರೈಫಲ್ ಗುಂಡಿಗೂ ನಿಷೇಧ ತಂದಿತು. ಸತ್ತ ಪ್ರಾಣಿಯ ಕರುಳು ತಿಂದ ರಣಹದ್ದು, ಗಿಡುಗಗಳು ಸೀಸದ ವಿಷಕ್ಕೆ ಬಲಿಯಾಗುವುದು ಇದರ ಹಿಂದಿನ ಕಾರಣ. ತಾಮ್ರ ಸೀಸಕ್ಕಿಂತ ಹಗುರ. ಅದೇ ತೂಕದ ಗುಂಡು ಬೇಕೆಂದರೆ ಉದ್ದ ಹೆಚ್ಚಬೇಕು; ಉದ್ದ ಹೆಚ್ಚಿದರೆ ಸುರುಳಿ ಬಿಗಿಯಾಗಬೇಕು. ಹಳೆಯ ಕರಾರುಗಳು ಸೀಸದ ಕಾಲದವು. ಈ ಒತ್ತಾಯ ಮುಂದೆ ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ.

ನಡುವೆ ಬಂದು ಹೋದ ತೋಟಾಗಳದ್ದು ದೊಡ್ಡ ಸ್ಮಶಾನ. ಗಿಡ್ಡ-ದಪ್ಪ ಕೊಳವೆಯಲ್ಲಿ ಮದ್ದು ಚೆನ್ನಾಗಿ ಉರಿಯುತ್ತದೆ ಎಂದು 2001ರಿಂದ ವಿಂಚೆಸ್ಟರ್ ಶಾರ್ಟ್ ಮ್ಯಾಗ್ನಮ್ಮುಗಳನ್ನು ತಂದರು. .300ರದು 180 ಗ್ರೇನ್ ಗುಂಡನ್ನು 905 ಮೀಟರ್ ವೇಗದಲ್ಲಿ ಕಳಿಸಿತು, 1963ರ ಉದ್ದನೆಯ .300 ವಿಂಚೆಸ್ಟರ್ ಮ್ಯಾಗ್ನಮ್ಮಿನ ವೇಗ 902. ಆ ಮೂರು ಮೀಟರಿಗಾಗಿ ಒಂದು ಸಂಸಾರವನ್ನೇ ಹೆತ್ತರು. .300 ಬದುಕಿತು; .325, 7 ಎಂಎಂ, ಇನ್ನೂ ಗಿಡ್ಡದಾದ ಸೂಪರ್ ಶಾರ್ಟುಗಳು ಹತ್ತಿಪ್ಪತ್ತು ವರ್ಷದಲ್ಲೇ ಮೂಲೆ ಸೇರಿದವು. ಅವುಗಳನ್ನು ನಂಬಿ ಕೋವಿ ಕೊಂಡವರು ಇಂದು ತೋಟಾ ಹುಡುಕುತ್ತ ಕೂತಿದ್ದಾರೆ.

ಇನ್ನು ಪ್ರಾಣಿಯ ಕಡೆಯಿಂದ ಒಂದು ಮಾತು. ದಕ್ಷಿಣ ಕ್ಯಾರೊಲಿನಾದ ವನ್ಯಜೀವಿ ತಜ್ಞ ಚಾರ್ಲ್ಸ್ ರೂತ್ ಒಂದು ಬೇಟೆ ಕ್ಲಬ್ಬಿನಲ್ಲಿ ಐನೂರರ ಸಮೀಪ ಜಿಂಕೆಗಳ ದಾಖಲೆ ಇಟ್ಟು ನೋಡಿದರು. ನಳಿಗೆಯ ಅಳತೆ ಸಣ್ಣದೋ ದೊಡ್ಡದೋ ಎಂಬುದರಿಂದ ಗುಂಡು ಬಿದ್ದ ಜಿಂಕೆ ಓಡಿದ ದೂರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಕಂಡದ್ದು ಗುಂಡು ಬಿದ್ದ ಜಾಗದಿಂದ: ಭುಜಕ್ಕೆ ಬಿದ್ದವು ಸರಾಸರಿ ಮೂರು ಗಜ, ಶ್ವಾಸಕೋಶಕ್ಕೆ ಬಿದ್ದವು ಐವತ್ತು ಗಜದಷ್ಟು ಓಡಿದವು. ಸ್ವೀಡನ್ನಿನ ಕಾನೂನು ಕೂಡ ಮೂಸ್ ಬೇಟೆಗೆ ತೋಟಾದ ಹೆಸರು ಕೇಳುವುದಿಲ್ಲ. ಗುಂಡು ಹತ್ತು ಗ್ರಾಂ ಇದ್ದರೆ ನೂರು ಮೀಟರಿನಲ್ಲಿ 2,000 ಜೂಲ್ ಉಳಿದಿರಬೇಕು. ಒಂಬತ್ತು ಗ್ರಾಂ ಇದ್ದರೆ 2,700. ಶತಮಾನ ದಾಟಿದ 6.5×55 ಭಾರದ ಗುಂಡಿನೊಡನೆ ಈ ಪರೀಕ್ಷೆಯಲ್ಲಿ ಇಂದಿಗೂ ಪಾಸು. ತೇಜಸ್ವಿಯವರ ಅನುವಾದಗಳಿಂದ ನಮಗೆ ಆಪ್ತನಾದ ಬೆಂಗಳೂರಿನ ಬೇಟೆಗಾರ ಕೆನೆತ್ ಆ್ಯಂಡರ್ಸನ್ ಹಿಡಿದಿದ್ದು .405 ವಿಂಚೆಸ್ಟರ್, 1904ರ ತೋಟಾ, 19 ಗ್ರಾಂ ಗುಂಡು, ವೇಗ 670 ಮೀಟರ್. 300 ಗಜಕ್ಕೆ ಅದು ಕಲ್ಲೆಸೆದ ಹಾಗೆ. ಆದರೆ ಪೊದೆಯಿಂದ ಹುಲಿ ಹಾಯುವ ದೂರಕ್ಕೆ ಅದರಲ್ಲಿ ಯಾವ ಕೊರತೆ?

ಇಷ್ಟೆಲ್ಲ ಹೇಳಿದ ಮೇಲೆ ನನ್ನ ತಕ್ಕಡಿಗೆ ಸುಲಭವಾಗಿ ಒಗ್ಗದ ಒಂದು ತೋಟಾ ಉಳಿಯುತ್ತದೆ. 2025ರ ಜನವರಿಯಲ್ಲಿ ಫೆಡರಲ್ ಕಂಪನಿ ಪ್ರಕಟಿಸಿದ 7 ಎಂಎಂ ಬ್ಯಾಕ್‌ಕಂಟ್ರಿ. ಇದರ ಕೊಳವೆ ಹಿತ್ತಾಳೆಯದಲ್ಲ, ಉಕ್ಕಿನ ಮಿಶ್ರಲೋಹದ್ದು. ಒತ್ತಡ 80,000 ಪೌಂಡ್. 11 ಗ್ರಾಂ ಗುಂಡು ಬರೀ 20 ಇಂಚಿನ ನಳಿಗೆಯಿಂದ 914 ಮೀಟರ್ ವೇಗದಲ್ಲಿ ಹೊರಡುತ್ತದೆ. ಪಿಆರ್‌ಸಿಗೆ ಅದೇ ವೇಗಕ್ಕೆ 24 ಇಂಚು ಬೇಕಿತ್ತು. ಸದ್ದಡಗಿಸುವ ಕೊಳವೆಯನ್ನು ನಳಿಗೆಯ ತುದಿಗೆ ಸಿಕ್ಕಿಸಿ ಕಾಡಿನಲ್ಲಿ ಅಲೆಯುವ ಇಂದಿನ ಬೇಟೆಗಾರನಿಗೆ ಆ ನಾಲ್ಕು ಇಂಚು ದೊಡ್ಡ ಸಂಗತಿ. ಹಿತ್ತಾಳೆ ಹಾಕಿದ ಗೆರೆಯನ್ನು ದಾಟಿದ್ದರಿಂದ ಇದನ್ನು ನಾನು ಹೊಸ ತೋಟಾ ಎಂದು ಅಳುಕಿಲ್ಲದೆ ಕರೆಯುತ್ತೇನೆ. ಉಳಿದವುಗಳನ್ನು ಹೊಸ ಕರಾರು ಎಂದು ಕರೆದರೆ ಸಾಕು.

ಕೊಳ್ಳುವವರಿಗೆ ನನ್ನ ತೀರ್ಪು ಹೀಗೆ: ಮೊದಲ ಕೋವಿ ಕೊಳ್ಳುವವರಿಗೆ, ತಾಮ್ರದ ಗುಂಡು ಹಾರಿಸಲೇಬೇಕಾದವರಿಗೆ ಹೊಸ ಕರಾರಿನ ತೋಟಾ ಸರಿ. ಮನೆಯಲ್ಲಿ ಆಗಲೇ .270 ಅಥವಾ .30-06 ಇದ್ದು 300 ಗಜದೊಳಗೆ ಹೊಡೆಯುವವರು ಅದನ್ನು ಮಾರುವುದು ನಷ್ಟ. ಅದೇ ಹಣಕ್ಕೆ ನಾಲ್ಕು ಪೆಟ್ಟಿಗೆ ಒಳ್ಳೆಯ ಗುಂಡಿನ ತೋಟಾ ಕೊಂಡು ಅಭ್ಯಾಸ ಮಾಡಲಿ. ಬ್ಯಾಕ್‌ಕಂಟ್ರಿಯ ನಳಿಗೆ ಆ ಒತ್ತಡದಲ್ಲಿ ಎಷ್ಟು ಸಾವಿರ ಗುಂಡು ತಾಳುತ್ತದೆ ಎಂಬುದನ್ನು ಇನ್ನು ಕೆಲವು ವರ್ಷದ ಬಳಕೆಯೇ ಹೇಳಬೇಕು. ಅದರ ಉಕ್ಕಿನ ಕೊಳವೆಯ ಬುಡದ ಅಗಲ ಸುಮಾರು 12 ಮಿಲಿಮೀಟರ್. ಕಾರ್ಬೆಟ್ಟರ ಕೋವಿಗೆ ತುಂಬುತ್ತಿದ್ದ ಹಿತ್ತಾಳೆ ತೋಟಾದ ಬುಡವೂ ಅಷ್ಟೇ ಅಗಲ.